ನಂಜಿಗೆ ಹೆದರದೆ ಮೊಟ್ಟೆ ತಿನ್ನಿಸಿದ್ದು: ಕರುಳಿನ ಆಪರೇಷನ್ ಮತ್ತು ನನ್ನ ಅನುಭವ

ನಾನು ಕರುಳಿನ ಆಪರೇಷನ್ ಮಾಡಿದ್ದ ಒಬ್ಬ ಹೆಂಗಸಿನ ಡ್ರೆಸಿಂಗ್ ಎಂಟನೇ ದಿನ ಬೆಳಿಗ್ಗೆ ಬಿಚ್ಚಿದರೆ ಗಾಜ್ ಪೂರ್ತಿ ತಿಳಿಗೆಂಪು ನೀರು. ಆಕೆ ಒಮ್ಮೆ ಕೆಮ್ಮಿದಳು, ಹೊಲಿಗೆ ಮಧ್ಯೆ ಕರುಳು ಕಂಡಿತು. ಕರುಳಿನ ಟಿಬಿ, ತೂಕ 38 ಕೆಜಿ, ರಕ್ತದಲ್ಲಿರುವ ಪ್ರೋಟೀನ್ ಆಲ್ಬುಮಿನ್ ಬರೀ 2.3. ಊಟ ಶುರುವಾದ ಮೇಲೆ ತಿಂದಿದ್ದೇನು ಅಂತ ಕೇಳಿದೆ. ಗಂಜಿ ತಿಳಿ, ಸಾರಿನ ತಿಳಿ. "ಬೇಳೆ, ಮೊಟ್ಟೆ ನಂಜು ಡಾಕ್ಟ್ರೇ, ಗಾಯ ಕೀವಾಗುತ್ತೆ" ಅಂದರು ಅತ್ತೆ. ನಮ್ಮ ಹಾಸನದ ಕಡೆ ಎಲ್ಲರ ಬಾಯಲ್ಲೂ ಇದೇ ಮಾತು. ಗ್ಯಾಸ್ ಹೋಗುವ ತನಕ ಬಾಯಿಗೆ ಏನೂ ಕೊಡಬೇಡಿ ಅಂತ ನಾನೂ ಮೊದಲ ಐದು ದಿನ ಉಪವಾಸ ಕೆಡವಿದ್ದೆ.

ಆಲ್ಬುಮಿನ್ ಮೂರು ಬಾಟಲ್ ಹಾಕಿದೆ, ಒಂದಕ್ಕೆ ಐದು ಸಾವಿರದ ಹತ್ತಿರ. ಮನೆಯವರು ಓಲೆ ಅಡ ಇಟ್ಟರು. ರಿಪೋರ್ಟಿನಲ್ಲಿ ಸಂಖ್ಯೆ ಎರಡು ದಿನ ಏರಿತು, ಮತ್ತೆ ಇಳಿಯಿತು. ಗಾಯ ಹಾಗೇ ಇತ್ತು. ಆ ದುಡ್ಡು ನನ್ನನ್ನು ಇವತ್ತಿಗೂ ಚುಚ್ಚುತ್ತೆ.

ಆಮೇಲೆ ದಾರಿ ಬದಲಿಸಿದೆ. ಆರು ತಿಂಗಳಲ್ಲಿ ತೂಕ ಶೇ. 10ಕ್ಕಿಂತ ಜಾಸ್ತಿ ಇಳಿದಿದ್ದರೆ, ಕರುಳು ಕಟ್ಟಿಲ್ಲದಿದ್ದರೆ, ಆಪರೇಷನ್ ಹತ್ತು-ಹದಿನಾಲ್ಕು ದಿನ ಮುಂದಕ್ಕೆ. 40 ಕೆಜಿಯವರಿಗೆ ದಿನಕ್ಕೆ 50–60 ಗ್ರಾಂ ಪ್ರೋಟೀನ್ ಬೇಕಲ್ವಾ? ನಾಲ್ಕು ಮೊಟ್ಟೆ, ಅರ್ಧ ಲೀಟರ್ ಮೊಸರು, ಒಂದು ಹಿಡಿ ಹೆಸರುಬೇಳೆ. ಖರ್ಚು ಎಪ್ಪತ್ತು ರೂಪಾಯಿ ಆಸುಪಾಸು.

ಮೊದಮೊದಲು ಎಡವಿದೆ. ಮೊಸರಿನ ಬದಲು ಹಾಲು ಕೊಟ್ಟ ಒಬ್ಬರಿಗೆ ಸ್ಟೋಮಾ ಚೀಲ (ಹೊಟ್ಟೆ ಮೇಲೆ ತೆರೆದ ಕರುಳಿನ ಬಾಯಿಗೆ ಅಂಟಿಸುವ ಮಲದ ಚೀಲ) ರಾತ್ರಿ ನಾಲ್ಕು ಸಲ ತುಂಬಿತು. ಇನ್ನೊಬ್ಬರು ಹದಿನೈದು ದಿನದಿಂದ ಸರಿಯಾಗಿ ತಿಂದಿರಲಿಲ್ಲ. ಮೊದಲ ದಿನವೇ ಪೂರ್ತಿ ಊಟ ಕೊಟ್ಟೆ. ಮೂರನೇ ದಿನಕ್ಕೆ ಕಾಲು ಊದಿ, ಏದುಸಿರು. ಹಸಿದ ದೇಹಕ್ಕೆ ಒಮ್ಮೆಲೇ ಊಟ ಬಿದ್ದು ರಕ್ತದ ಫಾಸ್ಫರಸ್ ನೆಲ ಕಚ್ಚಿತ್ತು. ಈಗ ಅಂಥವರಿಗೆ ಮೊದಲು ಥಯಮಿನ್ (ಬಿ1 ವಿಟಮಿನ್), ಆಮೇಲೆ ಕಾಲು ಭಾಗ ಊಟ, ದಿನಾ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿಕೊಂಡೇ ಏರಿಸುತ್ತೇನೆ.

ಆಪರೇಷನ್ ಆದ ಸಂಜೆಯೇ ಗುಟುಕು ನೀರು, ಮರುದಿನ ಅಂಬಲಿ, ಮೆತ್ತನೆ ಇಡ್ಲಿ. ವಾಂತಿಯಾದರೆ ಅರ್ಧ ದಿನ ನಿಲ್ಲಿಸಿ ಮತ್ತೆ ಶುರು. "ಕರುಳಿನ ಜಾಯಿಂಟ್ ಲೀಕ್ ಆದ್ರೆ ನೀನೇ ಹೊಣೆ" ಅಂತ ಅರಿವಳಿಕೆ ಕೊಡುವ ಡಾಕ್ಟರ್ ಗೆಳೆಯರು ಎಚ್ಚರಿಸಿದ್ದರು. ಅದಕ್ಕೇ ಐದರಿಂದ ಏಳನೇ ದಿನದವರೆಗೆ ರಾತ್ರಿ ನಾನೇ ಬಂದು ಹೊಟ್ಟೆಯ ಡ್ರೈನ್ ಕೊಳವೆ ನೋಡುತ್ತಿದ್ದೆ. ಇಲ್ಲಿಯವರೆಗೆ ಅರವತ್ತು ಜನ ಆಗಿರಬಹುದು. ಹೊಟ್ಟೆ ಬಿಚ್ಚಿಕೊಂಡಿದ್ದು ಒಬ್ಬರಿಗೆ. ಅವರ ಶುಗರ್ ಹತೋಟಿಗೇ ಬಂದಿರಲಿಲ್ಲ.

ನಡುವೆ, ಕರುಳು ಬೇಗ ಕೆಲಸ ಶುರುಮಾಡಲಿ ಅಂತ ಚೂಯಿಂಗ್ ಗಮ್ ಅಗಿಸಿಯೂ ನೋಡಿದೆ. ಹಲ್ಲಿಲ್ಲದ ಅಜ್ಜಂದಿರಿಗೆ ಆಗಲಿಲ್ಲ, ಅವರಿಗೆ ಕಾಫಿ ಕೊಟ್ಟೆ. ಗ್ಯಾಸ್ ಬೇಗ ಹೋದಂತೆ ಕಂಡಿತು.

ನಂಜು ಅನ್ನುವ ಅತ್ತೆಯಂದಿರನ್ನು ಎರಡೇ ನಿಮಿಷದಲ್ಲಿ ಒಪ್ಪಿಸುವ ಉಪಾಯ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ರೌಂಡ್ಸಿಗೆ ಬಂದರೆ ತೋರಿಸುತ್ತೇನೆ. ಮೊಟ್ಟೆ ಮುಟ್ಟದವರದ್ದು ಮಾತ್ರ ಇನ್ನೂ ತಲೆನೋವು. ಪನೀರ್ ದುಬಾರಿ. ಸೋಯಾ ಉಂಡೆ ನೆನೆಸಿ, ಹಿಂಡಿ, ರುಬ್ಬಿ ಇಡ್ಲಿ ಹಿಟ್ಟಿಗೆ ಬೆರೆಸಿ ಈಗ ಮೂವರಿಗೆ ಕೊಡುತ್ತಿದ್ದೇನೆ. ಇಬ್ಬರು ಪೂರ್ತಿ ತಿನ್ನುತ್ತಿದ್ದಾರೆ, ಒಬ್ಬರಿಗೆ ಹೊಟ್ಟೆ ಉಬ್ಬರಿಸಿದೆ.