ಎರಡು ಸೆಂಟಿಮೀಟರ್ ಅಗಲದ ಹುಡ್

ನಮ್ಮ ಮನೆ ಕಲಬುರಗಿಯಲ್ಲಿ, ಅಜ್ಜಿಯ ಊರು ವಾಡಿಯ ಹತ್ತಿರ. ರಜೆ ಬಂತೆಂದರೆ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಗಂಟೆಗಟ್ಟಲೆ ಕೂತಿರುತ್ತಿದ್ದೆ. ಮುಂಬೈ-ಚೆನ್ನೈ ದಾರಿಯಿಂದ ಸಿಕಂದರಾಬಾದ್ ಕಡೆಗೆ ಕವಲು ಒಡೆಯುವುದು ಅಲ್ಲೇ. ಸಿಮೆಂಟ್ ತುಂಬಿದ ಗಾಡಿ ಎಳೆಯಲು ಶುರು ಮಾಡುವಾಗ ಡೀಸೆಲ್ ಇಂಜಿನ್ ಒಮ್ಮೆ ಕಪ್ಪು ಹೊಗೆ ಕಾರುತ್ತಿತ್ತು. ಆಮೇಲೆ ಧಡ್ ಧಡ್ ಎಂದು ಕಾಲಡಿಯ ಕಲ್ಲೇ ನಡುಗುತ್ತಿತ್ತು. ಅದು ಡಬ್ಲ್ಯೂಡಿಎಂ-2. ಡಬ್ಲ್ಯೂ ಅಂದರೆ ಬ್ರಾಡ್‌ಗೇಜ್, ಡಿ ಅಂದರೆ ಡೀಸೆಲ್, ಎಂ ಅಂದರೆ ಪ್ಯಾಸೆಂಜರ್ ಗಾಡಿಗೂ ಗೂಡ್ಸ್ ಗಾಡಿಗೂ ಆಗುವಂಥದ್ದು. ಈ ಅರ್ಥವೆಲ್ಲ ತಿಳಿದದ್ದು ಎಷ್ಟೋ ವರ್ಷ ಆದಮೇಲೆ. ಆಗ ಗೊತ್ತಿದ್ದದ್ದು ಆ ಸದ್ದು ಒಂದೇ.

ಶರಣಬಸವೇಶ್ವರ ಜಾತ್ರೆಯಲ್ಲಿ ಪ್ರತಿ ವರ್ಷ ತಗಡಿನ ರೈಲು ಕೊಡಿಸಿಕೊಳ್ಳುತ್ತಿದ್ದೆ. ಎಲ್ಲವೂ ಉಗಿ ಇಂಜಿನ್. ನಾನು ಕಣ್ಣಾರೆ ನೋಡಿದ ಡೀಸೆಲ್ ಯಾವ ಅಂಗಡಿಯಲ್ಲೂ ಇರಲಿಲ್ಲ. ದೊಡ್ಡವನಾದ ಮೇಲೆ ಹಳೆಯ ಪುಟ್ಟ ಡೀಸೆಲ್ ಇಂಜಿನ್‌ಗಳನ್ನು ಒಂದೊಂದಾಗಿ ಕೂಡಿಡಲು ಶುರು ಮಾಡಿದೆ. ಆದರೂ ಆ ಜಾಗ ಖಾಲಿಯೇ ಇತ್ತು. ಕೊನೆಗೆ ನಾನೇ ಮಾಡಬೇಕು ಎಂದುಕೊಂಡೆ.

ಮಾಡಲು ಹೊರಟಾಗಲೇ ಈ ಪುಟ್ಟ ಇಂಜಿನ್‌ಗಳ ಚರಿತ್ರೆ ನನಗೆ ಸರಿಯಾಗಿ ಅರ್ಥವಾಯಿತು. ಯಾವ ಕಂಪನಿ ಯಾವ ವರ್ಷ ಏನು ಮಾಡಿತು ಅನ್ನೋದು ಮೇಲಿನ ಮಾತು. ಒಳಗೆ ಇರುವುದು ಒಂದೇ ಪ್ರಶ್ನೆ: ಮೋಟಾರನ್ನು ಎಲ್ಲಿ ಕೂರಿಸುವುದು?

ಉಗಿ ಇಂಜಿನ್ನಿಗೆ ದಪ್ಪ ಬಾಯ್ಲರ್ ಇದೆ, ಅದರೊಳಗೆ ಮೋಟಾರು ಬಚ್ಚಿಡಬಹುದು. ದೊಡ್ಡ ಅಳತೆಯ ಡೀಸೆಲ್‌ಗೂ ಜಾಗದ ಕಷ್ಟ ಇರಲಿಲ್ಲ. ಅಮೆರಿಕದ ಆಟದ ರೈಲಿನ ಕಂಪನಿ ಲಯನೆಲ್ 1948ರಲ್ಲಿ ತಂದ ಎಫ್3 ಡೀಸೆಲ್ ಅಲ್ಲಿನ ಸಂಗ್ರಾಹಕರ ಕಣ್ಮಣಿ. ಸಾಂಟಾ ಫೆ ರೈಲಿನ ಕೆಂಪು, ಬೆಳ್ಳಿ ಬಣ್ಣದ ಅದರ ಮೂತಿ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಅದರ ಮೈ ಇಡೀ ಇಂಜಿನ್ನಿನಷ್ಟೇ ಅಗಲ. ಅಳತೆಯೂ ದೊಡ್ಡದು. ಎರಡು ಮೋಟಾರು ಹಾಕಿದರೂ ಜಾಗ ಸಾಕು.

ಕಷ್ಟ ಬಂದದ್ದು ಸಣ್ಣ ಅಳತೆಯಲ್ಲಿ. ಬ್ರಿಟನ್ನಿನ ನಿಜವಾದ ಇಂಜಿನ್‌ಗಳೇ ಕಿರಿದು. ಅವನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಆ ಕಾಲದ ಮೋಟಾರು ಹಿಡಿಸುತ್ತಲೇ ಇರಲಿಲ್ಲ. ಹಾಗಾಗಿ ಅಲ್ಲಿನವರು ಮೈಯನ್ನು 76ರಲ್ಲಿ ಒಂದು ಪಾಲಿಗೆ ದೊಡ್ಡದು ಮಾಡಿದರು, ಹಳಿಯ ಅಗಲವನ್ನು ಮಾತ್ರ 87ರ ಪಾಲಿನ 16.5 ಮಿಲಿಮೀಟರಿಗೇ ಬಿಟ್ಟರು. ಹಾರ್ನ್‌ಬಿ ಡಬ್ಲೊ ಎಂಬ ಪುಟ್ಟ ರೈಲು 1938ರಲ್ಲಿ ಬಂದದ್ದು ಇದೇ ಅಳತೆಯಲ್ಲಿ. ಇವತ್ತಿಗೂ ಬ್ರಿಟನ್ನಿನಲ್ಲಿ ಜಾಸ್ತಿ ಜನ ಓಡಿಸುವುದು ಅದನ್ನೇ.

ಅಮೆರಿಕದ ಹುಡ್ ಇಂಜಿನ್‌ಗಳದ್ದು ಇನ್ನೊಂದು ಕಥೆ. ಇವುಗಳಲ್ಲಿ ಎರಡೂ ಬದಿ ನಡೆಯಲು ಪಟ್ಟಿ ಇರುತ್ತದೆ, ನಡುವೆ ಕಿರಿದಾದ ಪೆಟ್ಟಿಗೆಯಂಥ ಹುಡ್. ಆಥರ್ನ್ ಕಂಪನಿಯ ಹಳೆಯ ಮಾದರಿಗಳಲ್ಲಿ ಹುಡ್ ಇರಬೇಕಾದದ್ದಕ್ಕಿಂತ ಅಗಲ. ಕಾರಣ ಅದೇ ಮೋಟಾರು. 1950ರ ದಶಕದ ಅವರ ಕೆಲವು ಇಂಜಿನ್‌ಗಳಲ್ಲಿ ಗೇರಿನ ಬದಲು ರಬ್ಬರ್ ಬ್ಯಾಂಡ್ ಇತ್ತು. ಅಂಥದ್ದೊಂದು ನನ್ನ ಬಳಿ ಇದೆ. ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಬ್ಯಾಂಡ್ ಒಣಗಿ ಪಟಪಟ ಮುರಿಯುತ್ತದೆ. ಆದರೂ ಅದು ಮೊದಲ ಸಲ ಮೇಜಿನ ಮೇಲೆ ಬಾಣದಂತೆ ಓಡಿದಾಗ ಆದ ಖುಷಿ ಈಗಲೂ ನೆನಪಿದೆ.

1980ರ ದಶಕದಲ್ಲಿ ಬಾಗಿಲು ತೆರೆಯಿತು. ಆಲ್ಕೊ ಅಂದರೆ ಅಮೆರಿಕದಲ್ಲಿ ನಿಜವಾದ ರೈಲು ಇಂಜಿನ್ ಮಾಡುತ್ತಿದ್ದ ಕಂಪನಿ. ಅದರ ಇಂಜಿನ್‌ಗಳ ಪುಟ್ಟ ಮಾದರಿಗಳು ಅಟ್ಲಾಸ್ ಹೆಸರಿನಲ್ಲಿ ಮಾರಾಟವಾದವು, ಅವನ್ನು ಜಪಾನಿನ ಕಾಟೊ ಕಂಪನಿ ಮಾಡಿಕೊಟ್ಟಿತು. ತೆಳ್ಳನೆಯ ಮೋಟಾರು, ಎರಡು ಕಡೆ ಹಿತ್ತಾಳೆಯ ಫ್ಲೈವೀಲ್, ಅಂದರೆ ಓಟ ಜರ್ಕು ಹೊಡೆಯದಂತೆ ನೋಡಿಕೊಳ್ಳುವ ಭಾರದ ಚಕ್ರ. ಹುಡ್ ಸರಿಯಾದ ಅಗಲದಲ್ಲೇ ನಿಂತಿತು. ಚಲನೆಯಂತೂ ಎಣ್ಣೆಯಲ್ಲಿ ಜಾರಿದ ಹಾಗೆ. ನನ್ನ ಮಟ್ಟಿಗೆ ಪುಟ್ಟ ಡೀಸೆಲ್ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ. ಬಣ್ಣ, ಬರಹ, ಡಬ್ಬಿ ನೋಡಿ ಬೆಲೆ ಕಟ್ಟುವವರು ಇರಲಿ. ನಾನು ಮೊದಲು ತಿರುಗಿಸಿ ನೋಡುವುದು ಅಡಿಭಾಗವನ್ನು.

ನನ್ನ ಡಬ್ಲ್ಯೂಡಿಎಂ-2ಗೂ ಇದೇ ಕೈಹಿಡಿಯಿತು. ಯಾಕೆಂದರೆ ನಮ್ಮ ಇಂಜಿನ್ ಆಲ್ಕೊ ವಂಶದ್ದೇ. 1962ರಲ್ಲಿ ಮೊದಲವು ಅಮೆರಿಕದಿಂದ ಬಂದವು. 1964ರಿಂದ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಲ್ಲಿ ತಯಾರಾದವು. 16 ಸಿಲಿಂಡರ್, 2600 ಅಶ್ವಶಕ್ತಿ. ಅಮೆರಿಕದಲ್ಲಿ ಆಲ್ಕೊ 1969ರಲ್ಲಿ ಮುಚ್ಚಿತು. ಅದರ ಸಂತಾನ ವಾಡಿಯಲ್ಲಿ ಆಮೇಲೂ ಎಷ್ಟೋ ದಶಕ ಹೊಗೆ ಬಿಡುತ್ತಿತ್ತು.

ಆಲ್ಕೊದ ಆರ್‌ಎಸ್‌ಡಿ-5 ಮಾದರಿ, ಹಳೆಯದು, ವಿದೇಶದಿಂದ ತರಿಸಿದೆ. ಕೈಹಿಡಿಯುವ ಕಂಬಿಗಳು ಮುರಿದು ಬಂದಿದ್ದವು. ಬೇಜಾರಾಗಲಿಲ್ಲ, ನನಗೆ ಬೇಕಿದ್ದದ್ದು ಅಡಿಭಾಗ ಮಾತ್ರ. ಬೋಗಿ ಅಂದರೆ ಇಲ್ಲಿ ಡಬ್ಬಿ ಅಲ್ಲ, ಇಂಜಿನ್ನಿನ ಅಡಿಯಲ್ಲಿ ಚಕ್ರಗಳನ್ನು ಹಿಡಿದಿರುವ ಚೌಕಟ್ಟು. ಅದರ ಆರು ಚಕ್ರದ ಬೋಗಿಯಲ್ಲಿ ಅಚ್ಚುಗಳ ನಡುವಿನ ಅಂತರ ಸಮ ಇಲ್ಲ. ಒಂದು ಕಡೆ ಹತ್ತಿರ, ಒಂದು ಕಡೆ ದೂರ. ಡಬ್ಲ್ಯೂಡಿಎಂ-2ರ ಬೋಗಿಯೂ ಹಾಗೇ. ಇದನ್ನು ನೋಡಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಚಕ್ರ ಮಾತ್ರ ಚೂರು ಸಣ್ಣದು. ನಮ್ಮದು 1092 ಮಿ.ಮೀ., ಅವರದು 1016. ಪುಟ್ಟ ಅಳತೆಯಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ವ್ಯತ್ಯಾಸ. ಬಿಟ್ಟುಬಿಟ್ಟೆ.

ಹಳಿಯ ವಿಷಯ ಅಷ್ಟು ಸುಲಭ ಅಲ್ಲ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಪೇಟೆಯಲ್ಲಿ ಸಿಗುವ ಹಳಿ 16.5. ಎದುರಿನಿಂದ ನೋಡಿದರೆ ಚಕ್ರ ಒಳಗೆ ಸೇರಿಕೊಂಡಂತೆ ಕಾಣುತ್ತದೆ. 19.3ಕ್ಕೆ ಹಳಿಯನ್ನೇ ಹೊಸದಾಗಿ ಹಾಸುವವರ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಹಾಗೆ ಮಾಡಿದರೆ ನನ್ನ ಉಳಿದ ಇಂಜಿನ್‌ಗಳು ಅದರ ಮೇಲೆ ಓಡವು. ಬ್ರಿಟನ್ನಿನವರ ದಾರಿಯನ್ನೇ ಹಿಡಿದೆ.

ಮೈ ಕಟ್ಟಿದ್ದು ಪ್ಲಾಸ್ಟಿಕ್ ಹಾಳೆಯಲ್ಲಿ. ನಿಜವಾದ ಇಂಜಿನ್ನಿನ ಉದ್ದ ಬಫರ್ ಸೇರಿ 17.12 ಮೀಟರ್. ನನ್ನದು 197 ಮಿಲಿಮೀಟರ್. ಹುಡ್ಡಿನ ಅಗಲ ಎರಡು ಸೆಂಟಿಮೀಟರ್ ಆಸುಪಾಸು. ಕೆಲಸದ ಮೇಜು ಅಂದರೆ ಮನೆಯಲ್ಲಿ ಉಳಿದಿದ್ದ ಒಂದು ಪಾಲಿಶ್ ಮಾಡಿದ ಶಹಾಬಾದ್ ಪರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು. ಅದರಷ್ಟು ಸಮತಟ್ಟಾದ ವಸ್ತು ನನ್ನ ಬಳಿ ಬೇರೆ ಇರಲಿಲ್ಲ. ಹುಡ್ಡಿನ ಬದಿಗಳನ್ನು ಅದರ ಮೇಲೆ ಅಂಟಿಸಿದರೆ ಕೂದಲೆಳೆಯಷ್ಟೂ ಸೊಟ್ಟ ಆಗುವುದಿಲ್ಲ.

ಮೊದಲ ಹುಡ್ ಕೆಟ್ಟದ್ದು ಮೇ ತಿಂಗಳಲ್ಲಿ. ಬಣ್ಣ ಬೇಗ ಒಣಗಲಿ ಎಂದು ಮಾಳಿಗೆ ಮೇಲಿಟ್ಟೆ. ಊಟ ಮುಗಿಸಿ ಹೋಗಿ ನೋಡಿದರೆ ಹುಡ್ಡಿನ ಬೆನ್ನು ಬಿಲ್ಲಿನಂತೆ ಬಾಗಿತ್ತು. ಮೂರು ತಿಂಗಳ ಕೆಲಸ. ಎರಡನೆಯದನ್ನು ರಾತ್ರಿ ಹೊತ್ತು, ನೆರಳಲ್ಲೇ ಒಣಗಿಸಿದೆ. ಒಳಗೆ ಅಡ್ಡ ಪಟ್ಟಿಗಳನ್ನೂ ಕೊಟ್ಟೆ.

ಇನ್ನೊಂದು ತೊಂದರೆ ತೂಕದ್ದು. ಕ್ಯಾಬ್ ಕೂರಿಸಲು ಲೋಹದ ಚೌಕಟ್ಟನ್ನು ಒಂದು ಕಡೆ ಕೊಯ್ಯಬೇಕಾಯಿತು. ಭಾರ ಕಡಿಮೆಯಾಗಿ ಚಕ್ರ ಸುಮ್ನೆ ತಿರುಗತೊಡಗಿತು. ಆಗ ಬೀದರಿನ ಬಿದ್ರಿ ಕುಶಲಕರ್ಮಿಯೊಬ್ಬರ ಹತ್ತಿರ ಹೋದೆ. ಬಿದ್ರಿ ಪಾತ್ರೆಯ ಲೋಹ ಬಹುಪಾಲು ಸತುವು, ಸ್ವಲ್ಪ ತಾಮ್ರ. ಹಳೆಯ ಪುಟ್ಟ ಇಂಜಿನ್‌ಗಳ ಚೌಕಟ್ಟೂ ಸತುವಿನ ಮಿಶ್ರಣವೇ. ಅದರಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ವರ್ಷಗಳು ಕಳೆದಂತೆ ಲೋಹ ಉಬ್ಬಿ, ಬಿರುಕು ಬಿಟ್ಟು, ಬೆರಳಲ್ಲಿ ಪುಡಿಯಾಗುತ್ತದೆ. ಹೀಗೆ ಸತ್ತ ಒಂದು ಹಳೆಯ ಚೌಕಟ್ಟನ್ನು ಅವರಿಗೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮರಳಿನ ಅಚ್ಚಿನಲ್ಲಿ ನನಗೊಂದು ಪುಟ್ಟ ಗಟ್ಟಿ ಎರಕ ಹೊಯ್ದು, ಅರದಿಂದ ತಾವೇ ಉಜ್ಜಿ ಕೊಟ್ಟರು. ಅದು ಈಗ ಶಾರ್ಟ್‌ಹುಡ್, ಅಂದರೆ ಕ್ಯಾಬಿನ ಆಚೆಗಿರುವ ಗಿಡ್ಡ ಹುಡ್ಡಿನ ಒಳಗೆ ಕೂತಿದೆ. ಹೊರಗಿನಿಂದ ಕಾಣುವುದಿಲ್ಲ. ನನಗೆ ಇಡೀ ಇಂಜಿನ್ನಿನಲ್ಲಿ ತುಂಬಾ ಇಷ್ಟವಾದ ಭಾಗ ಅದೇ.

ಬಣ್ಣ ಮಾತ್ರ ನೆನಪಿನಿಂದ ಹಚ್ಚಿದ್ದು, ಇಟ್ಟಿಗೆ ಕೆಂಪು, ನಡುವೆ ಕೆನೆ ಪಟ್ಟಿ. ಈಗ ನಮ್ಮ ದಾರಿಯಲ್ಲಿ ತಂತಿ ಎಳೆದು ವಿದ್ಯುತ್ ಇಂಜಿನ್ ಓಡುತ್ತಿವೆ. ಹೋಗಿ ನೋಡಿ ಬರೋಣವೆಂದರೆ ಆ ಇಂಜಿನ್ ಅಲ್ಲಿಲ್ಲ.

ಮುಗಿದ ಮೇಲೆ ನಿವೃತ್ತ ಲೋಕೋ ಪೈಲಟ್ ಒಬ್ಬರನ್ನು ಮನೆಗೆ ಕರೆದೆ. ಅವರು ಕನ್ನಡಕ ಹಾಕಿಕೊಂಡು ಮೇಜಿಗೆ ಕಣ್ಣು ಸಮ ಮಾಡಿ ಕೂತರು. ಇಂಜಿನ್ ಎರಡು ಸುತ್ತು ಬಂತು. "ಎಲ್ಲಾ ಬರೋಬರಿ ಅದ. ಆದ್ರ ಇಷ್ಟ್ ಸ್ವಚ್ಛ ಇಂಜಿನ್ ನಾ ಎಂದೂ ಓಡಿಸಿಲ್ರಿ" ಎಂದರು. ಹೊಗೆ ಕೊಳವೆಯಿಂದ ಮಸಿ ಯಾವ ಕಡೆಗೆ, ಎಷ್ಟು ದೂರ ಹರಡುತ್ತಿತ್ತು ಎಂದು ಬೆರಳಿಟ್ಟು ತೋರಿಸಿದರು. ಅವರು ಅಲ್ಲೇ ಕೂತಿದ್ದಾಗಲೇ ಪೆನ್ಸಿಲ್ ಸೀಸ ಪುಡಿ ಮಾಡಿ, ಒಣ ಕುಂಚದಿಂದ ಹುಡ್ಡಿನ ಬೆನ್ನಿಗೆ ಹಚ್ಚಿದೆ.