ಬೀದಿಯಲ್ಲಿ ಗುಂಪು ಸೇರಿದಾಗ ನಾವು ಏನು ಮಾಡಬೇಕು

2016ರ ಜನವರಿ 31. ಬೆಂಗಳೂರಿನ ಸೋಲದೇವನಹಳ್ಳಿಯಲ್ಲಿ ಸುಡಾನ್‌ನ ವಿದ್ಯಾರ್ಥಿಯೊಬ್ಬನ ಕಾರು ಗುದ್ದಿ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ತಾಂಜಾನಿಯಾದ ಯುವತಿಯೊಬ್ಬರು ಗೆಳೆಯರ ಜೊತೆ ಕಾರಿನಲ್ಲಿ ಬಂದರು. ಅಪಘಾತಕ್ಕೂ ಅವರಿಗೂ ಏನೇನೂ ಸಂಬಂಧ ಇರಲಿಲ್ಲ, ಮೈಬಣ್ಣ ಒಂದನ್ನು ಬಿಟ್ಟರೆ. ಗುಂಪು ಅವರನ್ನು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ತಪ್ಪಿಸಿಕೊಳ್ಳಲು ಬಸ್ ಹತ್ತಿದರೆ ಒಳಗಿದ್ದವರೇ ಹೊರಗೆ ತಳ್ಳಿದರು ಅಂತ ಆ ಯುವತಿ ಆಮೇಲೆ ಹೇಳಿದರು.

ಆ ಬಸ್ಸಿನಲ್ಲಿದ್ದವರು ಕೆಟ್ಟವರೇ ಆಗಿರಬೇಕಿಲ್ಲ. ಹೆದರಿರಬಹುದು, ಏನು ಮಾಡಬೇಕು ಅಂತ ಗೊತ್ತಿರದೇ ಇರಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುಂಪು ಸೇರಿದ ಮೇಲೆ ಯೋಚಿಸಲು ಟೈಮ್ ಇರುವುದಿಲ್ಲ, ಮೊದಲೇ ಗೊತ್ತಿರಬೇಕು.

ಹೊಡೆಯುವವರ ಜೊತೆ ಜಗಳಕ್ಕೆ ನಿಲ್ಲಬೇಡಿ. ನೇರವಾಗಿ ಏಟು ತಿನ್ನುತ್ತಿರುವವರ ಪಕ್ಕಕ್ಕೆ ಹೋಗಿ. "ಇವರು ನಮ್ಮ ಬೀದಿಯವರು, ನಂಗೊತ್ತು, ಬಿಡಿ" ಅಂತ ಕನ್ನಡದಲ್ಲೇ ಜೋರಾಗಿ ಹೇಳಿ, ಯಾಕೆಂದರೆ ಆ ಹೊತ್ತಲ್ಲಿ ಅವರ ಪರವಾಗಿ ಕನ್ನಡದಲ್ಲಿ ಮಾತಾಡುವವರು ಒಬ್ಬರಿದ್ದರೂ ಗುಂಪು ಒಂದು ಕ್ಷಣ ತಡೆಯಬಹುದು, ಅಷ್ಟರಲ್ಲಿ ಅವರನ್ನು ಹತ್ತಿರದ ಅಂಗಡಿಯೊಳಗೆ ಕರೆದುಕೊಂಡು ಹೋಗಿ ಶಟರ್ ಎಳೆಯಬಹುದು. ಸುಮ್ನೆ "ಯಾರಾದ್ರೂ ಪೊಲೀಸರಿಗೆ ಫೋನ್ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ. "ಅಣ್ಣಾ, ಕೆಂಪು ಶರ್ಟ್, ನೀವು 112ಕ್ಕೆ ಮಾಡಿ" ಅನ್ನಿ. ಬಸ್ಸಲ್ಲಿದ್ದರೆ ಅವರನ್ನು ಹತ್ತಿಸಿಕೊಂಡು, ಬಾಗಿಲು ಹಾಕಿಸಿ, ಗಾಡಿ ಬಿಡಿ ಅಂತ ಡ್ರೈವರ್‌ಗೆ ಕೂಗಿ. ಒಬ್ಬರು ದೂರದಿಂದ ವಿಡಿಯೋ ಮಾಡಲಿ. ಅದು ಪೊಲೀಸರಿಗೆ ಮಾತ್ರ, ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಇನ್ನು ಗಾಳಿಸುದ್ದಿ. 2012ರ ಆಗಸ್ಟ್‌ನಲ್ಲಿ, ತಮ್ಮ ಮೇಲೆ ದಾಳಿ ಆಗುತ್ತದೆ ಅನ್ನುವ ಬರೀ ಎಸ್ಎಂಎಸ್ ಮತ್ತು ಬಾಯಿಮಾತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. 2018ರ ಮೇನಲ್ಲಿ ಮಕ್ಕಳ ಕಳ್ಳ ಅಂದುಕೊಂಡು ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನನ್ನು ಹೊಡೆದು ಕೊಂದರು. ಎರಡೇ ತಿಂಗಳಿಗೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ವಿಷಯವೇ ದೊಡ್ಡದಾಗಿ, ಹೈದರಾಬಾದಿನ ಎಂಜಿನಿಯರ್ ಒಬ್ಬರು ಗುಂಪಿನ ಏಟಿಗೆ ಸತ್ತರು. ಹಾಗಾಗಿ ಅಂಥ ಮೆಸೇಜ್ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಬೀದಿ? ಯಾವ ಠಾಣೆ? ನೀವೇ ಕಣ್ಣಾರೆ ನೋಡಿದ್ರಾ? ಠಾಣೆಗೆ ಫೋನ್ ಮಾಡಿ ವಿಚಾರಿಸಿ, ಅವರು ಹೇಳಿದ್ದನ್ನು ಅದೇ ಗ್ರೂಪಿನಲ್ಲಿ ಹಾಕಿ. ಬರೆದು ಹಾಕುವುದಕ್ಕಿಂತ ನಿಮ್ಮ ದನಿಯಲ್ಲೇ ವಾಯ್ಸ್ ಮೆಸೇಜ್ ಕಳಿಸಿದರೆ ಜನ ಜಾಸ್ತಿ ನಂಬುತ್ತಾರೆ.

ಆದರೆ ನಿಜವಾದ ಕೆಲಸ ಇರುವುದು ಗಲಾಟೆ ಇಲ್ಲದ ದಿನಗಳಲ್ಲಿ. ನಮ್ಮ ಬೀದಿಯ ಸಲೂನ್‌ನಲ್ಲಿ ಮಣಿಪುರದ ಹುಡುಗನೊಬ್ಬ ಇದ್ದಾನೆ. ಎಲ್ಲರೂ ಅವನನ್ನು "ನೇಪಾಳಿ" ಅಂತಲೇ ಕರೆಯುತ್ತಿದ್ದರು. ಒಂದು ದಿನ ಹೆಸರು ಕೇಳಿದೆ, ಕರೆಂಟ್ ಬಿಲ್ ಹಿಂದೆ ನನ್ನ ನಂಬರ್ ಬರೆದುಕೊಟ್ಟೆ. "ಅಕ್ಕ, ಎರಡನೇ ಮಹಡಿ" ಅಂತ ಸೇವ್ ಮಾಡಿಕೊಂಡ. ಈಗ ಯಾರಾದರೂ ನೇಪಾಳಿ ಅಂದರೆ ಅವನ ಹೆಸರು ಹೇಳಿ ತಿದ್ದುತ್ತೇನೆ. "ಚಿಂಕಿ" ಅನ್ನುವುದನ್ನು, "ಅವರಿಗೆಲ್ಲ ಮನೆ ಬಾಡಿಗೆಗೆ ಕೊಡಲ್ಲ" ಅನ್ನುವುದನ್ನು ಕೇಳಿ ಸುಮ್ಮನಿರಬೇಡಿ. ಅಂಥ ಮಾತು ಸಲೀಸಾಗಿ ನಡೆಯುವ ಬೀದಿಯಲ್ಲಿ ನಾಳೆ ಕೈ ಎತ್ತುವುದೂ ಸಲೀಸು, ಅಲ್ವಾ?

ಹಲ್ಲೆ ನಡೆದೇಬಿಟ್ಟರೆ ಮೊದಲು ಆಸ್ಪತ್ರೆ. ಎಂಎಲ್‌ಸಿ ಮಾಡಿಸಿ, ಅಂದರೆ ಗಾಯಗಳನ್ನು ಪೊಲೀಸ್ ಕೇಸಿಗೆ ಆಗುವಂತೆ ಡಾಕ್ಟರ್ ಹತ್ತಿರ ದಾಖಲಿಸಿ. ಹರಿದ ಬಟ್ಟೆ ಒಗೆಯದೆ ಎತ್ತಿಡಿ. ದೂರು ಕೊಡಬೇಕೋ ಬೇಡವೋ ಅವರೇ ಹೇಳಲಿ, ಕೊಡುತ್ತೇನೆ ಅಂದರೆ ಜೊತೆಗೆ ಹೋಗಿ. ಇಲ್ಲೇ ನಮ್ಮ ಕನ್ನಡ ಅವರಿಗೆ ನಿಜವಾಗಿ ಬೇಕಾಗುವುದು. "ಇದು ನಮ್ಮ ಲಿಮಿಟ್ಸ್ ಅಲ್ಲ" ಅಂತ ಠಾಣೆಯಲ್ಲಿ ವಾಪಸ್ ಕಳಿಸುವಂತಿಲ್ಲ, ಝೀರೋ ಎಫ್ಐಆರ್ (ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್ಐಆರ್) ಕೇಳಿ, ಅದರ ಪ್ರತಿ ಪುಕ್ಕಟೆ ಕೊಡಲೇಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಭಾಷೆ, ಹುಟ್ಟಿದ ಊರಿನ ಕಾರಣಕ್ಕೆ ತೀವ್ರ ಗಾಯ ಮಾಡಿದರೆ ಗುಂಪಿನ ಪ್ರತಿಯೊಬ್ಬರಿಗೂ 7 ವರ್ಷದವರೆಗೆ ಜೈಲು.

ಮಾರನೇ ದಿನ ಅವರ ಮನೆಗೆ ಹೋಗಿ. ಹಾಲಿನ ಅಂಗಡಿಯವರೆಗೂ ಹೋಗಲು ಭಯ ಇರುತ್ತದೆ. "ಬನ್ನಿ, ನಾನೂ ಆ ಕಡೆನೇ ಹೊರಟಿದ್ದೀನಿ" ಅನ್ನಿ.