ವ್ಯಾಯಾಮ ಶುರುವಾದ ಮೇಲೆ ತೂಕ ಏರಿತೇ? ಗಾಬರಿಗೆ ಮುನ್ನ ಹೀಗೆ ಪರೀಕ್ಷಿಸಿ

ಜಿಮ್‌ಗೆ ಸೇರಿ ಹತ್ತು ದಿನವಾಗಿದೆ. ಬೆವರು ಸುರಿಸಿದ್ದಷ್ಟೇ ಬಂತು, ತೂಕದ ಯಂತ್ರ ಒಂದೂವರೆ ಕೆ.ಜಿ. ಹೆಚ್ಚೇ ತೋರಿಸುತ್ತಿದೆ. ಬಹಳ ಮಂದಿ ಮನಸ್ಸು ಕೆಡಿಸಿಕೊಂಡು ವ್ಯಾಯಾಮ ಬಿಡುವುದು ಇದೇ ಹಂತದಲ್ಲಿ. ದಯವಿಟ್ಟು ಬಿಡಬೇಡಿ. ಆ ಏರಿಕೆಯಲ್ಲಿ ಬಹುಪಾಲು ನೀರು.

ಲೆಕ್ಕ ಹಾಕಿ ನೋಡಿ. ಒಂದು ಕೆ.ಜಿ. ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ಹತ್ತೇ ದಿನದಲ್ಲಿ ಒಂದೂವರೆ ಕೆ.ಜಿ. ಕೊಬ್ಬು ಸೇರಬೇಕಾದರೆ ಖರ್ಚಿಗಿಂತ ದಿನಕ್ಕೆ 1,100 ಕ್ಯಾಲೊರಿಗೂ ಹೆಚ್ಚು ತಿಂದಿರಬೇಕು. ಅಷ್ಟು ತಿಂದಿದ್ದರೆ ನಿಮಗೇ ಗೊತ್ತಿರುತ್ತಿತ್ತು. ‘ಸ್ನಾಯು ಬೆಳೆದಿದೆ’ ಎಂಬ ಸಮಾಧಾನವೂ ಇಷ್ಟು ಬೇಗ ಸಲ್ಲದು. ಸ್ನಾಯು ಬೆಳೆಯುವುದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು.

ಹಾಗಾದರೆ ನೀರು ಎಲ್ಲಿಂದ ಬಂತು? ದುಡಿಯುವ ಸ್ನಾಯು ಇಂಧನವಾಗಿ ಗ್ಲೈಕೋಜನ್ (ಸಕ್ಕರೆಯ ಶೇಖರಣಾ ರೂಪ) ಕೂಡಿಟ್ಟುಕೊಳ್ಳುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. 200 ಗ್ರಾಂ ಹೆಚ್ಚು ಕೂಡಿಟ್ಟರೆ ಯಂತ್ರದ ಮೇಲೆ 800 ಗ್ರಾಂ ಆಯಿತು. ಇನ್ನು ಮೈಕೈ ನೋವು: ರೂಢಿಯಿಲ್ಲದ ವ್ಯಾಯಾಮದಿಂದ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಗಾಯಗಳಾಗುತ್ತವೆ, ಅವು ಮಾಯುವಾಗ ಸುತ್ತ ದ್ರವ ತುಂಬಿಕೊಳ್ಳುತ್ತದೆ. ನೋವು 24ರಿಂದ 72 ಗಂಟೆಯೊಳಗೆ ಜೋರಾಗಿರುತ್ತದೆ. ಓಟ, ಸೈಕ್ಲಿಂಗ್ ಶುರು ಮಾಡಿದವರಲ್ಲಿ ರಕ್ತದ ದ್ರವಾಂಶವೂ ಹೆಚ್ಚುತ್ತದೆ. ಸ್ನಾಯುಬಲಕ್ಕೆಂದು ಜಿಮ್‌ಗೆ ಹೋಗುವ ಕೆಲವರು ತೆಗೆದುಕೊಳ್ಳುವ ಕ್ರಿಯಾಟಿನ್ ಪುಡಿ ಸೇವಿಸುತ್ತಿದ್ದರೆ ಅದೊಂದೇ ಒಂದು ಕೆ.ಜಿ.ಗೂ ಹೆಚ್ಚು ನೀರು ಹಿಡಿದಿಟ್ಟುಕೊಳ್ಳಬಲ್ಲದು.

ಈಗ ತೂಗುವ ಕ್ರಮ ಸರಿಮಾಡಿಕೊಳ್ಳಿ. ಯಂತ್ರವನ್ನು ಗಟ್ಟಿ, ಸಮತಟ್ಟಾದ ನೆಲದ ಮೇಲಿಡಿ. ಚಾಪೆ, ಕಾರ್ಪೆಟ್ ಬೇಡ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನದೆ ಕುಡಿಯದೆ, ಕನಿಷ್ಠ ಬಟ್ಟೆಯಲ್ಲಿ ನಿಂತು ಅಂಕಿ ಬರೆದಿಡಿ. ವ್ಯಾಯಾಮ ಮುಗಿಸಿದ ಕೂಡಲೇ ತೂಗಿ ಹಿಗ್ಗಬೇಡಿ: ಒಂದು ಲೀಟರ್ ಬೆವರು ಹೋದರೆ ಒಂದು ಕೆ.ಜಿ. ಇಳಿಯುತ್ತದೆ, ನೀರು ಕುಡಿದರೆ ಮರಳಿ ಬರುತ್ತದೆ.

ಒಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ಒಂದು ವಾರ ಹೀಗೆ ಬಂತೆನ್ನಿ: 68.2, 69.1, 69.4, 68.9, 68.6, 69.0, 68.4. ಎರಡು ದಿನದಲ್ಲಿ 1.2 ಕೆ.ಜಿ. ಜಿಗಿತ ಕಂಡು ಎದೆ ಧಸಕ್ಕೆನ್ನುತ್ತದೆ. ಆದರೆ ಏಳನ್ನೂ ಕೂಡಿ ಭಾಗಿಸಿದರೆ 68.8. ಈ ಸರಾಸರಿಯನ್ನೇ ಮುಂದಿನ ವಾರದ ಸರಾಸರಿಯೊಂದಿಗೆ ಹೋಲಿಸಿ. ಮುಟ್ಟಿನ ಮುಂಚಿನ ದಿನಗಳಲ್ಲಿ ಹಲವರ ಮೈ ನೀರು ಹಿಡಿಯುತ್ತದೆ. ಹಾಗಾಗಿ ಮಹಿಳೆಯರು ಈ ತಿಂಗಳ ಚಕ್ರದ ಒಂದು ವಾರವನ್ನು ಹಿಂದಿನ ಚಕ್ರದ ಅದೇ ವಾರದ ಜೊತೆ ಹೋಲಿಸುವುದು ಸರಿ.

ವಾರಕ್ಕೊಮ್ಮೆ ಟೇಪ್ ಹಿಡಿಯಿರಿ. ಹೊಕ್ಕುಳ ಮಟ್ಟದಲ್ಲಿ, ಉಸಿರು ಸಹಜವಾಗಿ ಹೊರಬಿಟ್ಟು, ಟೇಪ್ ಚರ್ಮವನ್ನು ಅದುಮದಂತೆ ಅಳೆಯಿರಿ. ತೂಕ ನಿಂತಲ್ಲೇ ನಿಂತು ಸೊಂಟ ಒಂದೆರಡು ಸೆಂ.ಮೀ. ಇಳಿದಿದ್ದರೆ ದಾರಿ ಸರಿಯಿದೆ.

ನೀರು ಇಳಿಸಲೆಂದು ಕುಡಿಯುವುದನ್ನೇ ಕಡಿಮೆ ಮಾಡುವುದು, ಊಟ ಬಿಡುವುದು ತಪ್ಪು. ಸುಸ್ತು ಹೆಚ್ಚುತ್ತದೆ, ಸ್ನಾಯು ಚೇತರಿಸಿಕೊಳ್ಳುವುದಿಲ್ಲ. ನಾಲ್ಕರಿಂದ ಆರು ವಾರ ಅದೇ ಕ್ರಮ ಮುಂದುವರಿಸಿ. ಆಮೇಲೂ ಸರಾಸರಿ ಏರುತ್ತಾ ಸೊಂಟವೂ ಹಿಗ್ಗಿದ್ದರೆ ಆಗ ತಟ್ಟೆಯ ಕಡೆ ನೋಡಬೇಕು. 70 ಕೆ.ಜಿ. ತೂಕದವರು 45 ನಿಮಿಷ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 200 ಕ್ಯಾಲೊರಿ. ಒಂದು ದೊಡ್ಡ ಹಿಡಿ ಬಾದಾಮಿ ಅದನ್ನು ತುಂಬಿಬಿಡುತ್ತದೆ. ಮೂರು ದಿನ ತಿಂದದ್ದು, ಕುಡಿದದ್ದು ಎಲ್ಲವನ್ನೂ ಬರೆದಿಟ್ಟರೆ ಸೋರಿಕೆ ಎಲ್ಲಿದೆ ಎಂದು ಕಾಣುತ್ತದೆ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬಾರದು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಐದು ಸೆಕೆಂಡ್ ಒತ್ತಿ. ಕುಳಿ ಹಾಗೇ ಉಳಿದರೆ, ಅಥವಾ ಮಲಗಿದಾಗ ಉಸಿರು ಕಟ್ಟಿದರೆ ವೈದ್ಯರನ್ನು ಕಾಣಿ. ವಿಪರೀತ ಸ್ನಾಯು ನೋವಿನ ಜೊತೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು: ಒಡೆದ ಸ್ನಾಯುವಿನ ಅಂಶಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಪ್ರಯತ್ನವೇ ಇಲ್ಲದೆ ಆರರಿಂದ ಹನ್ನೆರಡು ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು ತೂಕ, ಅಂದರೆ 70 ಕೆ.ಜಿ.ಯವರಲ್ಲಿ ಮೂರೂವರೆ ಕೆ.ಜಿ.ಗೂ ಹೆಚ್ಚು, ಇಳಿದಿದ್ದರೆ ಅದನ್ನು ವ್ಯಾಯಾಮದ ಫಲ ಎಂದುಕೊಳ್ಳದೆ ತಪಾಸಣೆ ಮಾಡಿಸಿ.